‘ನೀಡ್‌ಫುಲ್’ ಎಂದರೆ ಏನು ಮಾಡಬೇಕು? — ನಮ್ಮ ವ್ಯವಹಾರದ ಇಂಗ್ಲೀಷು

ನಮ್ಮ ಪರಿಚಯದ ಅರಿವೆಯ ವ್ಯಾಪಾರಸ್ಥರೊಬ್ಬರು ಮೊನ್ನೆ ನಮ್ಮ ಕಚೇರಿಗೆ ಬಂದು ತಮ್ಮ ಪತ್ರವ್ಯವಹಾರದ ಒಂದು ಕಟ್ಟನ್ನು ನಮ್ಮ ಮುಂದಿಟ್ಟರು. ಹೋದ ವರ್ಷ ದೀಪಾವಳಿಗೆ ಒಂದೂವರೆ ತಿಂಗಳು ಮೊದಲು ಪರಪ್ರಾಂತದಿಂದ ಅವರಿಗೆ ಬಂದ ಮಾಲಿನಲ್ಲಿ ಹನ್ನೆರಡು ಗಂಟುಗಳು ನೀರು ಕುಡಿದಿದ್ದವು. ಅವರು ಕೂಡಲೆ ಮಾಲು ಕಳುಹಿದವರಿಗೆ ಇಂಗ್ಲೀಷಿನಲ್ಲಿ ಬರೆದರು. ಆ ಪತ್ರದಲ್ಲಿ ವಿನಯವಿದ್ದಿತು, ಮಾಲು ಕೆಟ್ಟ ಸಂಗತಿಯೂ ಇದ್ದಿತು. ಕೊನೆಯಲ್ಲಿ ‘ಕೈಂಡ್ಲಿ ಡೂ ದಿ ನೀಡ್‌ಫುಲ್ ಅಟ್ ದಿ ಅರ್ಲಿಯೆಸ್ಟ್’ ಎಂದಿದ್ದಿತು. ಎಂಟು ದಿನಗಳ ಮೇಲೆ ಉತ್ತರ ಬಂದಿತು: ‘ನೋಟೆಡ್. ವಿಲ್ ರಿವರ್ಟ್.’ ನಮ್ಮವರು ಬದಲಿ ಮಾಲು ಬರುವದೆಂದು ದಾರಿ ಕಾಯ್ದರು. ಅತ್ತಕಡೆಯವರು ವರ್ಷದ ಕೊನೆಗೆ ಲೆಕ್ಕದಲ್ಲಿ ಆ ಗಂಟುಗಳ ಬೆಲೆಯನ್ನು ವಜಾ ಮಾಡಿದರಾಯಿತೆಂದು ತಿಳಿದು ಸುಮ್ಮನಿದ್ದರು. ಹಬ್ಬ ಬಂದು ಹೋಯಿತು. ಗಿರಾಕಿಗಳು ಮಗ್ಗುಲ ಅಂಗಡಿಗೆ ಹೋದರು. ಇಬ್ಬರಲ್ಲಿ ಯಾರೂ ಮೋಸಗಾರರಲ್ಲ. ಇಬ್ಬರೂ ತಾವು ಬರೆದ ಮಾತಿನಂತೆಯೇ ನಡೆದರು. ಆದರೆ ಆ ಮಾತಿನಲ್ಲಿ ಹುರುಳೇ ಇದ್ದಿಲ್ಲ.

ಈ ಹಾನಿಗೆ ಕಾರಣರಾರು? ‘ನನ್ನ ಇಂಗ್ಲೀಷು ಸಾಲದಾಯಿತು’ ಎಂದು ಆ ಗೃಹಸ್ಥರು ನಾಚಿಕೊಂಡರು. ನಮಗೆ ಹಾಗೆ ತೋರುವದಿಲ್ಲ. ಅವರ ಪತ್ರದಲ್ಲಿ ವ್ಯಾಕರಣದ ದೋಷ ಒಂದೂ ಇದ್ದಿಲ್ಲ. ಹನ್ನೆರಡು ಗಂಟು ಬದಲಿ ಮಾಲು ಇಂಥ ತಾರೀಖಿನೊಳಗೆ ಮುಟ್ಟಬೇಕು, ಮುಟ್ಟದಿದ್ದರೆ ಬೇರೆ ಕಡೆಗೆ ಕೊಳ್ಳುವೆನು ಎಂಬ ಒಂದು ವಾಕ್ಯ ಮಾತ್ರ ಇದ್ದಿಲ್ಲ. ಆ ವಾಕ್ಯವು ಇರಬೇಕಾದ ಸ್ಥಳದಲ್ಲಿ ‘ನೀಡ್‌ಫುಲ್’ ಬಂದು ಕುಳಿತಿದ್ದಿತು.

ನಮ್ಮ ಪಟ್ಟಣಗಳ ಅಂಗಡಿ, ಬ್ಯಾಂಕು, ಸಹಕಾರಿ ಸಂಘ, ಶಾಲೆಯ ಕಚೇರಿಗಳಿಂದ ಹೊರಡುವ ಇಂಗ್ಲೀಷು ಪತ್ರಗಳಲ್ಲಿ ಇಂಥ ಸಿದ್ಧ ಮಾತುಗಳು ತುಂಬಿರುವವು. ಈಗ ಕಾಗದಕ್ಕೆ ಬದಲು ಇ-ಮೇಲ್ ಬಂದಿದೆ, ವೇಗ ಹೆಚ್ಚಿದೆ, ಮಾತು ಮಾತ್ರ ಹಳೆಯದೇ. ಇಂಗ್ಲೀಷಿನ ವಿಷಯವಾಗಿ ನಮ್ಮಲ್ಲಿ ಎರಡು ಪಂಗಡಗಳುಂಟು. ಒಂದು ಪಂಗಡದವರು ಅದನ್ನು ದೇವರ ಮೂರ್ತಿಯಂತೆ ಪೂಜಿಸುವರು. ಹಿಂದಿನ ಕಾರಕೂನರು ಬರೆದಿಟ್ಟ ಒಂದಕ್ಷರವನ್ನೂ ಕದಲಿಸರು. ಇನ್ನೊಂದು ಪಂಗಡದವರು ‘ಪರಭಾಷೆ ತಾನೆ, ಹೇಗಿದ್ದರೇನು?’ ಎಂದು ಮನಸ್ಸಿಗೆ ಬಂದಂತೆ ಬರೆಯುವರು. ನಾವು ಎರಡೂ ಪಂಗಡಗಳಿಗೆ ಒಂದೇ ಮಾತು ಹೇಳುವೆವು. ವ್ಯವಹಾರದ ಇಂಗ್ಲೀಷು ಅಂಗಡಿಯ ತಕ್ಕಡಿಯಂತೆ. ತಕ್ಕಡಿಗೆ ಪೂಜೆ ಬೇಕಾಗಿಲ್ಲ. ಆದರೆ ಅದು ಸರಿಯಾಗಿ ತೂಗದಿದ್ದರೆ ನಷ್ಟವು ಯಜಮಾನನಿಗೇ.

ಮೊದಲು ‘ಡೂ ದಿ ನೀಡ್‌ಫುಲ್’ ಎಂಬುದನ್ನೇ ವಿಚಾರಿಸೋಣ. ಇದು ನಮ್ಮವರು ಹುಟ್ಟಿಸಿದ ತಪ್ಪೆಂದು ಹಲವರು ನಗುವರು. ಅದು ನಿಜವಲ್ಲ. ಹದಿನೆಂಟು ಹತ್ತೊಂಬತ್ತನೆಯ ಶತಮಾನಗಳಲ್ಲಿ ಇಂಗ್ಲೀಷರೇ ತಮ್ಮ ಪತ್ರಗಳಲ್ಲಿ ಇದನ್ನು ಧಾರಾಳವಾಗಿ ಬರೆಯುತ್ತಿದ್ದರು. ಅವರು ಕಾಲಕ್ರಮದಲ್ಲಿ ಅದನ್ನು ಬಿಟ್ಟರು, ನಾವು ಇಟ್ಟುಕೊಂಡೆವು. ಊರಲ್ಲಿಲ್ಲವೆಂದು ಹೇಳಲು ನಾವು ಬರೆಯುವ ‘ಔಟ್ ಆಫ್ ಸ್ಟೇಶನ್’ ಎಂಬುದೂ ಹೀಗೆಯೇ. ಜಿಲ್ಲೆಯ ಗೋರಾ ಅಧಿಕಾರಿಗಳು ವಾಸಿಸುತ್ತಿದ್ದ ಠಾಣ್ಯಕ್ಕೆ ‘ಸ್ಟೇಶನ್’ ಎನ್ನುತ್ತಿದ್ದರು. ಆ ಅಧಿಕಾರಿಗಳು 1947ರಲ್ಲಿ ಹೋದರು. ಅವರ ಠಾಣ್ಯವು ನಮ್ಮ ರಜಾ ಅರ್ಜಿಗಳಲ್ಲಿ ಉಳಿಯಿತು. ಹಳೆಯದೆಂಬ ಒಂದೇ ಕಾರಣಕ್ಕೆ ಒಂದು ಮಾತನ್ನು ನಾವು ತ್ಯಜಿಸಬೇಕಿಲ್ಲ. ‘ನೀಡ್‌ಫುಲ್’ದ ದೋಷವು ಅದರ ವಯಸ್ಸಿನಲ್ಲಿಲ್ಲ. ಏನು ಮಾಡಬೇಕೆಂಬುದನ್ನು ಹೇಳುವ ಹೊರೆಯನ್ನು ಬರೆಯುವವನು ತನ್ನ ತಲೆಯಿಂದಿಳಿಸಿ ಓದುವವನ ತಲೆಯ ಮೇಲಿಡುವನು. ಓದುವವನು ತನಗೆ ಯಾವದು ಸುಲಭವೋ ಅದನ್ನೇ ‘ನೀಡ್‌ಫುಲ್’ ಎಂದು ತಿಳಿಯುವದು ಮನುಷ್ಯಸ್ವಭಾವ.

‘ರಿವರ್ಟ್’ ಎಂಬುದು ಎರಡನೆಯದು. ನಮ್ಮಲ್ಲಿ ಇದನ್ನು ‘ಉತ್ತರ ಬರೆಯುವೆನು’ ಎಂಬರ್ಥದಲ್ಲಿ ಉಪಯೋಗಿಸುವರು. ಇಂಗ್ಲೀಷಿನಲ್ಲಿ ಇದರ ರೂಢಿಯ ಅರ್ಥವು ಮೊದಲಿನ ಸ್ಥಿತಿಗೆ ಹಿಂದಿರುಗುವದು ಎಂದು. ಕಾಯಿದೆಯಲ್ಲಿ ಆಸ್ತಿಯು ಮೊದಲಿನ ಒಡೆಯನಿಗೆ ಮರಳುವದಕ್ಕೂ ಈ ಶಬ್ದವೇ. ಭಾವು ಗೊತ್ತುಮಾಡುವ ಪತ್ರದಲ್ಲಿ ‘ವಿಲ್ ರಿವರ್ಟ್’ ಎಂದು ಬರೆದರೆ, ಹಿಂದಿನ ಭಾವಿಗೇ ಮರಳುವರೋ ಎಂದು ಪರದೇಶದವನು ಸಂಶಯಪಡಬಹುದು. ‘ರಿಪ್ಲೈ’ ಎಂಬ ಚಿಕ್ಕ ಶಬ್ದವು ಮನೆಯಲ್ಲೇ ಇರುವಾಗ ಈ ಸಂಶಯವನ್ನು ಕೊಂಡುಕೊಳ್ಳುವದೇಕೆ?

ಅದರಂತೆ ‘ಇನ್ ಲ್ಯೂ ಆಫ್’ ಎಂಬುದಕ್ಕೆ ‘ಅದರ ಬದಲಾಗಿ’ ಎಂದೇ ಅರ್ಥ. ನಮ್ಮವರು ಅನೇಕರು ಅದನ್ನು ‘ಇನ್ ವ್ಯೂ ಆಫ್’ ಎಂದು, ಅಂದರೆ ‘ಅದನ್ನು ಲಕ್ಷಿಸಿ’ ಎಂದು ತಿಳಿದು ಬರೆಯುವರು. ಹಬ್ಬವನ್ನು ಲಕ್ಷಿಸಿ ರಜೆ ಬೇಡುವವನು ಹಬ್ಬದ ಬದಲಾಗಿ ರಜೆ ಬೇಡಿದಂತಾಗುವದು. ಹಣದ ವಿಷಯದಲ್ಲಿ ಇದು ಬರಿಯ ನಗೆಯ ಮಾತಾಗಿ ಉಳಿಯಲಾರದು. ಬಾಕಿಯನ್ನು ಲಕ್ಷಿಸಿ ಮಾಲು ಕಳುಹುವೆನೆನ್ನುವದಕ್ಕೂ ಬಾಕಿಯ ಬದಲಾಗಿ ಮಾಲು ಕಳುಹುವೆನೆನ್ನುವದಕ್ಕೂ ಒಂದು ಸಾಲವೇ ಅಂತರ.

ಹಾಗಾದರೆ ನಮ್ಮವರ ಮಾತುಗಳೆಲ್ಲವೂ ತಪ್ಪೇ? ಎಂದಿಗೂ ಅಲ್ಲ. ‘ಪ್ರಿಪೋನ್’ ಎಂಬ ಶಬ್ದವನ್ನೇ ನೋಡಿರಿ. ಗೊತ್ತಾದ ಸಭೆಯನ್ನು ಮೊದಲಿನ ದಿವಸಕ್ಕೆ ತಂದುಕೊಳ್ಳುವದಕ್ಕೆ ನಮ್ಮ ದೇಶದವರು ಇದನ್ನು ಬಳಕೆಗೆ ತಂದರು. ಶುದ್ಧಿವಾದಿಗಳು ಮೂಗು ಮುರಿದರು. ಆದರೆ ‘ಪೋಸ್ಟ್‌ಪೋನ್’ ಎಂಬುದರ ಎದುರು ಇದರ ಅರ್ಥವು ಕನ್ನಡಿಯಷ್ಟು ಸ್ವಚ್ಛ. ಆಕ್ಸ್‌ಫರ್ಡ್ ನಿಘಂಟುಗಳಲ್ಲಿಯೂ ಇದಕ್ಕೆ ಸ್ಥಾನ ದೊರೆತಿದೆ. ನಾವು ಇದರ ಪಕ್ಷದವರು. ಲಂಡನ್ನಿನವನು ಒಪ್ಪುವನೋ ಇಲ್ಲವೋ ಎಂಬುದು ನಮ್ಮ ಅಳತೆಗೋಲಲ್ಲ; ಓದುವವನಿಗೆ ಒಂದೇ ಒಂದು ಅರ್ಥವಾಗುವದೋ ಎಂಬುದೇ ನಮ್ಮ ಅಳತೆಗೋಲು. ಆ ಶಬ್ದವನ್ನರಿಯದ ಪರದೇಶದವನಿಗೆ ಬರೆಯುವಾಗ ಹಳೆಯ ತಾರೀಖು, ಹೊಸ ತಾರೀಖು ಎರಡನ್ನೂ ಬರೆದರೆ ತಂಟೆಯೇ ಇಲ್ಲ.

ತಾರೀಖಿನ ಮಾತು ಬಂದುದರಿಂದ ಇನ್ನೊಂದನ್ನು ಹೇಳಬೇಕು. ಹಳೆಯ ಪತ್ರಗಳಲ್ಲಿ ‘ಇನ್‌ಸ್ಟಂಟ್’, ‘ಅಲ್ಟಿಮೊ’, ‘ಪ್ರಾಕ್ಸಿಮೊ’ ಎಂದು ಬರೆಯುವದುಂಟು; ಕ್ರಮವಾಗಿ ಈ ತಿಂಗಳು, ಹೋದ ತಿಂಗಳು, ಬರುವ ತಿಂಗಳು ಎಂದರ್ಥ. ತಿಂಗಳ ಕೊನೆಗೆ ಬರೆದ ಪತ್ರವು ಮುಂದಿನ ತಿಂಗಳ ಮೊದಲಿಗೆ ಮುಟ್ಟಿದರೆ ‘ಈ ತಿಂಗಳು’ ಯಾವದು? ತಿಂಗಳ ಹೆಸರನ್ನೇ ಬರೆದರೆ ಎರಡು ಅಕ್ಷರ ಹೆಚ್ಚಾಗಬಹುದು, ಜಗಳ ಕಡಿಮೆಯಾಗುವದು. ಅಂಕಿಗಳಲ್ಲಿ 3/4 ಎಂದು ಬರೆದರೆ ನಾವು ಏಪ್ರಿಲ್ ಮೂರು ಎಂದು ಓದುವೆವು. ಅಮೇರಿಕದವನು ಮಾರ್ಚ್ ನಾಲ್ಕು ಎಂದು ಓದುವನು. ಸಂಖ್ಯೆಗಳೂ ಹೀಗೆಯೇ. ಲಕ್ಷ, ಕೋಟಿಗಳು ನಮ್ಮ ದೇಶದ ಹೊರಗೆ ಹೆಚ್ಚು ನಡೆಯವು. ‘ಬಿಲಿಯನ್’ ಎಂದರೆ ಮೊದಲು ಬ್ರಿಟನ್ನಿನಲ್ಲಿ ಹತ್ತು ಲಕ್ಷದ ಹತ್ತು ಲಕ್ಷಪಟ್ಟು, ಅಮೇರಿಕದಲ್ಲಿ ನೂರು ಕೋಟಿ. 1974ರಲ್ಲಿ ಬ್ರಿಟಿಶ್ ಸರಕಾರವು ತನ್ನ ಲೆಕ್ಕಗಳಲ್ಲಿ ಅಮೇರಿಕದ ಅರ್ಥವನ್ನೇ ಒಪ್ಪಿಕೊಂಡಿತು. ಅದಕ್ಕಿಂತ ಹಿಂದಿನ ಪುಸ್ತಕದಿಂದ ಅಂಕಿಯನ್ನು ಎತ್ತಿಕೊಳ್ಳುವ ಮಾಸ್ತರರು ಇದನ್ನು ಮರೆಯಬಾರದು.

ಇಂಥ ಎಡವಟ್ಟು ಇಂಗ್ಲೀಷು ಕಲಿತವರಿಗೆ ಮಾತ್ರವೇ ಬರುವದೆಂದು ತಿಳಿಯಬೇಡಿರಿ. ಅದನ್ನು ತಾಯಿಯ ಮೊಲೆಹಾಲಿನೊಂದಿಗೆ ಕುಡಿದವರಿಗೂ ಬಂದಿದೆ. ಎರಡನೆಯ ಮಹಾಯುದ್ಧದ ಕಾಲಕ್ಕೆ ಬ್ರಿಟಿಶ್ ಸೇನಾಧಿಕಾರಿಗಳು ಒಂದು ಕಾಗದವನ್ನು ‘ಟೇಬಲ್’ ಮಾಡಬೇಕೆಂದರು. ಕೂಡಲೆ ಚರ್ಚೆಗೆ ತರಬೇಕೆಂಬುದು ಅವರ ಅರ್ಥ. ಅಮೇರಿಕದವರಿಗೆ ಅದೇ ಶಬ್ದಕ್ಕೆ ಚರ್ಚೆಯನ್ನು ಬದಿಗಿಡುವದು ಎಂದರ್ಥ. ಅದು ಅವಶ್ಯದ ವಿಷಯವಾದುದರಿಂದ ಬದಿಗಿಡಲಾಗದೆಂದು ಅವರು ಹಟ ಹಿಡಿದರು. ಇಬ್ಬರ ಇಚ್ಛೆಯೂ ಒಂದೇ ಎಂದು ತಿಳಿಯುವ ಮೊದಲು ಬಹಳ ಹೊತ್ತು ವಾದ ನಡೆಯಿತೆಂದು ಚರ್ಚಿಲ್ಲರೇ ತಮ್ಮ ಯುದ್ಧದ ಇತಿಹಾಸದಲ್ಲಿ ಬರೆದಿಟ್ಟಿರುವರು. ಒಂದೇ ಭಾಷೆಯ ಎರಡು ರಾಷ್ಟ್ರಗಳಿಗೆ ಹೀಗಾದರೆ ನಾವು ಎಷ್ಟು ಎಚ್ಚರದಿಂದಿರಬೇಕು!

ಇಷ್ಟು ಹೊತ್ತು ಹೇಳಿದವು ತಿಳಿವಳಿಕೆಯ ತೊಡಕುಗಳು. ಇನ್ನು ಕೆಲವು ಮಾತುಗಳಿವೆ. ಅವಕ್ಕೆ ಕಾಯಿದೆಯ ಹಲ್ಲುಗಳುಂಟು. ಅವುಗಳನ್ನು ಅಲಂಕಾರಕ್ಕಾಗಿ ಬರೆಯುವವರು ಸುತ್ತಿಗೆಯನ್ನು ಆಟಿಗೆಯೆಂದು ಮಗುವಿನ ಕೈಗೆ ಕೊಟ್ಟಂತೆಯೇ ಸರಿ.

ಪತ್ರದ ತಲೆಯ ಮೇಲೆ ‘ವಿದೌಟ್ ಪ್ರೆಜುಡಿಸ್’ ಎಂದು ಬರೆದರೆ ಗತ್ತು ಬರುವದೆಂದು ಹಲವರ ಭಾವನೆ. ವ್ಯಾಜ್ಯವನ್ನು ರಾಜಿಯಿಂದ ಮುಗಿಸಲು ಮಾತು ನಡೆದಾಗ, ಈ ಪತ್ರದೊಳಗಿನ ಒಪ್ಪಿಗೆಯನ್ನು ಮುಂದೆ ಕೋರ್ಟಿನಲ್ಲಿ ನನ್ನ ಮೇಲೆ ಪುರಾವೆಯಾಗಿ ತರಬಾರದೆಂಬುದು ಅದರ ತಾತ್ಪರ್ಯ. ಅದನ್ನು ಸಾಧಾರಣವಾದ ಬೇಡಿಕೆಯ ಪತ್ರಕ್ಕೆ ಅಂಟಿಸುವದು ವ್ಯರ್ಥ. ನಾಳೆ ತಾವೇ ಪುರಾವೆಯೆಂದು ತೋರಿಸಬೇಕಾದ ಪತ್ರದ ಮೇಲೆ ಅದನ್ನು ಬರೆದುಕೊಳ್ಳುವದು ತಮ್ಮ ಕಾಲಿಗೆ ತಾವೇ ಕೊಡಲಿ ಹಾಕಿಕೊಂಡಂತೆ.

‘ವಿ ಕನ್‌ಫರ್ಮ್ ದಿ ಬ್ಯಾಲನ್ಸ್’ ಎಂಬ ಸೌಜನ್ಯದ ಸಾಲನ್ನು ನೋಡಿರಿ. 1963ರ ಲಿಮಿಟೇಶನ್ ಕಾಯಿದೆಯ 18ನೆಯ ಕಲಮಿನಂತೆ, ಮುದ್ದತು ತೀರುವದರೊಳಗೆ ಸಾಲಗಾರನು ತನ್ನ ಹೊಣೆಯನ್ನು ಬರಹದಲ್ಲಿ ಒಪ್ಪಿ ಸಹಿ ಮಾಡಿದರೆ ಅಂದಿನಿಂದ ಹೊಸ ಮುದ್ದತು ಆರಂಭವಾಗುವದು. ಕೊಡುವ ಕಾಲ ಇನ್ನೂ ಬಂದಿಲ್ಲವೆಂದೋ ಕೊಡುವದೇ ಇಲ್ಲವೆಂದೋ ಅದರೊಂದಿಗೆ ಬರೆದಿದ್ದರೂ ಆ ಒಪ್ಪಿಗೆಯು ಒಪ್ಪಿಗೆಯೇ. ಬಾಕಿ ಕೊಡಬೇಕಾದವನು ಈ ಸಾಲನ್ನು ವಿಚಾರಿಸಿ ಬರೆಯಲಿ. ಬಾಕಿ ಬರಬೇಕಾದವನು ಅದನ್ನು ಸಕಾಲದಲ್ಲಿ ಬರೆಯಿಸಿಕೊಳ್ಳಲಿ. ನ್ಯಾಯವಾದ ಸಾಲವನ್ನು ಮುಳುಗಿಸಿರೆಂದು ನಾವು ಹೇಳುತ್ತಿಲ್ಲ. ಅರಿಯದೆ ಸಹಿ ಮಾಡಬೇಡಿರೆಂದು ಮಾತ್ರ ಹೇಳುತ್ತೇವೆ.

‘ಟೈಮ್ ಈಸ್ ಆಫ್ ದಿ ಎಸೆನ್ಸ್’ ಎಂಬುದಕ್ಕೆ ಬರಿಯ ‘ಬೇಗ ಮಾಡಿರಿ’ ಎಂದರ್ಥವಲ್ಲ. ಕರಾರಿನಲ್ಲಿ ಕಾಲವೇ ಮುಖ್ಯವೆಂದು ಇಬ್ಬರೂ ಬಗೆದಿದ್ದು ಒಬ್ಬನು ಗೊತ್ತಾದ ವೇಳೆಗೆ ಕೆಲಸ ಮಾಡದಿದ್ದರೆ, 1872ರ ಕರಾರಿನ ಕಾಯಿದೆಯ 55ನೆಯ ಕಲಮಿನಂತೆ ಇನ್ನೊಬ್ಬನು ಕರಾರನ್ನೇ ರದ್ದುಮಾಡಬಹುದು. ಕಾಲವು ಹಾಗೆ ಮುಖ್ಯವಲ್ಲದಿದ್ದರೆ ಅವನಿಗೆ ನಷ್ಟ ಪರಿಹಾರವಷ್ಟೇ ದೊರೆಯಬಹುದು. ನಮ್ಮ ಅರಿವೆಯ ವ್ಯಾಪಾರಸ್ಥರು ಮಾಲನ್ನು ಕೇಳುವಾಗಲೇ, ಇದು ದೀಪಾವಳಿಯ ಮಾರಾಟಕ್ಕಾಗಿ, ಇಂಥ ದಿವಸ ದಾಟಿದರೆ ನಮಗೆ ಬೇಡ ಎಂದು ಗೊತ್ತುಮಾಡಿಕೊಂಡಿದ್ದರೆ ಅವರ ಕೈ ಬಲವಾಗುತ್ತಿದ್ದಿತು.

ಕೊಡಗು, ಚಿಕ್ಕಮಗಳೂರುಗಳ ಕಾಫಿಯನ್ನೂ ಕರಾವಳಿಯ ಗೋಡಂಬಿಯನ್ನೂ ಹೊರದೇಶಕ್ಕೆ ಕಳುಹುವವರು ‘ಎಫ್.ಓ.ಬಿ.’, ‘ಸಿ.ಐ.ಎಫ್.’ ಎಂಬ ಅಕ್ಷರಗಳನ್ನು ದಿನಾಲು ಬರೆಯುವರು. ಪ್ಯಾರಿಸ್ಸಿನ ಅಂತರರಾಷ್ಟ್ರೀಯ ವ್ಯಾಪಾರ ಮಂಡಲವು 1936ರಲ್ಲಿ ಇವುಗಳ ಅರ್ಥವನ್ನು ಗೊತ್ತುಪಡಿಸಿ ಪ್ರಕಟಿಸಿತು. ಈಚಿನ ತಿದ್ದುಪಡಿಯು 2020ರದು. ‘ಎಫ್.ಓ.ಬಿ. ಮಂಗಳೂರು’ ಎಂದರೆ ಮಂಗಳೂರಿನ ಹಡಗಿನಲ್ಲಿ ಮಾಲು ಏರುವವರೆಗೆ ಮಾರುವವನ ಹೊಣೆ. ಮುಂದಿನ ಹಡಗು ಬಾಡಿಗೆ ಕೊಳ್ಳುವವನದು. ‘ಸಿ.ಐ.ಎಫ್.’ ಎಂಬುದರ ಮುಂದೆ ಮಾಲು ಮುಟ್ಟುವ ಬಂದರದ ಹೆಸರು ಬರಬೇಕು. ಅಲ್ಲಿಯವರೆಗಿನ ಬಾಡಿಗೆಯೂ ವಿಮೆಯೂ ಮಾರುವವನದು. ಆದುದರಿಂದ ಮಾಲು ಅಲ್ಲಿ ಮುಟ್ಟುವವರೆಗಿನ ಅಪಾಯವೂ ಮಾರುವವನದೇ ಎಂದು ಹಲವರು ತಿಳಿಯುವರು. ಅದು ತಪ್ಪು. ಹಡಗಿಗೆ ಏರಿದೊಡನೆ ಅಪಾಯವು ಕೊಳ್ಳುವವನ ಪಾಲಿಗೆ ಹೋಗುವದು. ಮೂರು ಅಕ್ಷರಗಳಲ್ಲಿ ಒಂದು ಹಡಗಿನ ಮಾಲಿನ ಭವಿಷ್ಯವಿದೆ.

ಇದೆಲ್ಲವೂ ನಮ್ಮ ಪೇಟೆಯವರಿಗೆ ಮೀರಿದ ವಿದ್ಯೆಯೆಂದು ಯಾರಾದರೂ ಹೇಳಿದರೆ ನಾವು ನಂಬೆವು. ಇವರ ಅಜ್ಜಂದಿರು ಹುಂಡಿಯ ಮೇಲೆ ವ್ಯಾಪಾರ ನಡೆಸಿದವರು. ದರ್ಶನಿ ಹುಂಡಿಯನ್ನು ತೋರಿಸಿದೊಡನೆ ಹಣ ಕೊಡಬೇಕು, ಮುದ್ದತಿ ಹುಂಡಿಗೆ ಗೊತ್ತಾದ ದಿವಸ ತುಂಬಿದ ಮೇಲೆ ಕೊಡಬೇಕು, ಶಾಹಜೋಗ ಹುಂಡಿಯಾದರೆ ಪೇಟೆಯಲ್ಲಿ ಪತಿಯುಳ್ಳ ಸಾವಕಾರನಿಗೇ ಕೊಡಬೇಕು ಎಂಬುದು ಅಂಗಡಿಯ ಹುಡುಗನಿಗೂ ಗೊತ್ತಿದ್ದಿತು. ದರ್ಶನಿಯನ್ನು ಮುದ್ದತಿಯೆಂದು ಬರೆದ ಗುಮಾಸ್ತನು ಮರುದಿನ ಕೆಲಸದಲ್ಲಿ ಉಳಿಯುವದು ದುಸ್ತರ. ಸ್ವಂತ ಮಾತಿನಲ್ಲಿ ಇಷ್ಟು ಬಿಗಿಯಾಗಿದ್ದವರು ಪರರ ಮಾತಿನಲ್ಲಿ ಸಡಿಲರಾದುದೇಕೆ? ಹುಂಡಿಯ ಮಾತು ವ್ಯವಹಾರದಿಂದ ಬಂದಿತು. ಇಂಗ್ಲೀಷಿನ ಮಾತು ಅರ್ಜಿಯಿಂದ ಬಂದಿತು. ಇದೇ ಮೂಲಕಾರಣವೆಂದು ನಮಗೆ ತೋರುವದು.

ನಮ್ಮ ಹಿರಿಯರು ಇಂಗ್ಲೀಷನ್ನು ಸರಿಸಮಾನರೊಡನೆ ಲೇವಾದೇವಿಗಾಗಿ ಕಲಿತವರಲ್ಲ. ದೊರೆಗಳೆದುರಿಗೆ ಕೈಮುಗಿದು ನಿಲ್ಲುವದಕ್ಕಾಗಿ ಕಲಿತರು. ಅದರಿಂದಲೇ ‘ಐ ಬೆಗ್ ಟು ಸ್ಟೇಟ್’, ‘ಮೋಸ್ಟ್ ಹಂಬ್ಲಿ ಅಂಡ್ ರೆಸ್ಪೆಕ್ಟ್‌ಫುಲ್ಲಿ’, ‘ಯುವರ್ ಮೋಸ್ಟ್ ಒಬೀಡಿಯಂಟ್ ಸರ್ವಂಟ್’ ಎಂಬವು ಬಂದವು. ಬೇಡುವವನು ಇಂಥದೇ ಬೇಕೆಂದು ಹೇಳುವಂತಿಲ್ಲ. ಪ್ರಭುವಿನ ಚಿತ್ತಕ್ಕೆ ಬಂದುದನ್ನು ದಯಪಾಲಿಸಬೇಕೆಂದಷ್ಟೇ ಹೇಳಬಹುದು. ‘ನೀಡ್‌ಫುಲ್’ ಎಂಬುದು ಆ ಮನಸ್ಸಿಗೆ ಒಪ್ಪುವ ಮಾತು. ಇಂದು ತನ್ನ ಹಣ ಕೊಟ್ಟು ಮಾಲು ಕೊಂಡ ಸ್ವತಂತ್ರ ನಾಗರಿಕನು, ತೆರಿಗೆ ಕೊಟ್ಟು ನಳದ ನೀರು ಕೇಳುವ ಪಟ್ಟಣಿಗನು, ಅದೇ ಭಂಗಿಯಲ್ಲಿ ಬಾಗಿ ನಿಲ್ಲುವದೇಕೆ? ಸೌಜನ್ಯವು ಬೇರೆ, ದೈನ್ಯವು ಬೇರೆ. ‘ಡಿಯರ್ ಸರ್’ ಎಂದಾರಂಭಿಸಿ, ಬೇಕಾದುದನ್ನು ನೇರವಾಗಿ ಹೇಳಿ, ‘ಪ್ಲೀಸ್’ ಎಂಬುದನ್ನು ಒಮ್ಮೆ ಸೇರಿಸಿ, ‘ಯುವರ್ಸ್ ಫೇತ್‌ಫುಲ್ಲಿ’ ಎಂದು ಮುಗಿಸಿದರೆ ಯಾವ ಮರ್ಯಾದೆಗೂ ಕುಂದಿಲ್ಲ.

ಇಂಗ್ಲೀಷರು ತಮ್ಮ ಮನೆಯನ್ನು ಗುಡಿಸಿಕೊಂಡ ಬಗೆಯನ್ನೂ ನೋಡಬೇಕು. ಮುಂಬಯಿ ಸಿವಿಲ್ ಸರ್ವಿಸಿನಲ್ಲಿದ್ದ ವ್ಹಿಟ್‌ವರ್ಥರೆಂಬವರು 1907ರಲ್ಲಿ ‘ಇಂಡಿಯನ್ ಇಂಗ್ಲಿಷ್’ ಎಂಬ ಪುಸ್ತಕ ಬರೆದು ಹಿಂದೀ ಜನರ ಇಂಗ್ಲೀಷಿನ ತಪ್ಪುಗಳನ್ನು ವಿವೇಚಿಸಿದರು. ಅದಕ್ಕೂ ಒಂದು ವರ್ಷ ಮೊದಲು, 1906ರಲ್ಲಿ, ಫೌಲರ್ ಸಹೋದರರು ‘ದಿ ಕಿಂಗ್ಸ್ ಇಂಗ್ಲಿಷ್’ ಎಂಬ ಪುಸ್ತಕದಲ್ಲಿ ಇಂಗ್ಲೀಷರವೇ ತಪ್ಪುಗಳನ್ನು ಎತ್ತಿ ತೋರಿಸಿ, ಬಳಕೆಯ ಶಬ್ದವಿರಲಿ, ಚಿಕ್ಕ ಶಬ್ದವಿರಲಿ, ಸುತ್ತು ಮಾತು ಬೇಡ ಎಂದು ಸಾರಿದ್ದರು. 1948ರಲ್ಲಿ ಬ್ರಿಟಿಶ್ ಸರಕಾರದ ಖಜಾನೆ ಇಲಾಖೆಯ ಕೋರಿಕೆಯಂತೆ ಸರ್ ಅರ್ನೆಸ್ಟ್ ಗೋವರ್ಸರು ‘ಪ್ಲೇನ್ ವರ್ಡ್ಸ್’ ಎಂಬ ಪುಸ್ತಕವನ್ನು ತಮ್ಮ ದೇಶದ ಅಧಿಕಾರಿಗಳಿಗಾಗಿಯೇ ಬರೆದುಕೊಟ್ಟರು. ಅಮೇರಿಕವು 2010ರಲ್ಲಿ ಸರಕಾರಿ ಬರವಣಿಗೆಯು ಜನರಿಗೆ ತಿಳಿಯುವಂತಿರಬೇಕೆಂದು ಕಾಯಿದೆಯನ್ನೇ ಮಾಡಿತು. ಒಡೆಯರು ಬಿಸುಟ ಹಳೆಯ ಅಂಗಿಯನ್ನು ನಾವು ಇನ್ನೂ ಹಬ್ಬದ ಉಡುಪೆಂದು ತೊಡುತ್ತಿರುವೆವು.

ಕೆಲವು ಅಭಿಮಾನಿಗಳು ನಮ್ಮನ್ನು ಕೇಳಬಹುದು: ‘ಕನ್ನಡದ ಪತ್ರಿಕೆಯು ಇಂಗ್ಲೀಷಿನ ಶುದ್ಧಿಗಾಗಿ ಇಷ್ಟು ಮಸಿ ಖರ್ಚು ಮಾಡುವದೇಕೆ?’ ಈ ಪ್ರಶ್ನೆಯು ಯೋಗ್ಯವಾದುದು. ನಮ್ಮ ಉತ್ತರವೂ ಸ್ಪಷ್ಟವಿದೆ. ಈ ರೋಗವು ಇಂಗ್ಲೀಷಿನಲ್ಲಿ ನಿಲ್ಲಲಿಲ್ಲ, ಕನ್ನಡಕ್ಕೂ ದಾಟಿದೆ. 1956ನೆಯ ನವೆಂಬರ 1ರಂದು ಹರಿದು ಹಂಚಿಹೋದ ಕನ್ನಡ ನಾಡು ಒಂದಾಯಿತು. 1963ರಲ್ಲಿ ಕನ್ನಡವು ಕಾಯಿದೆಯಿಂದ ಆಡಳಿತಭಾಷೆಯಾಯಿತು. ಆದರೆ ಕಚೇರಿಯಿಂದ ಬರುವ ಕನ್ನಡ ಪತ್ರವನ್ನು ಬಿಡಿಸಿ ನೋಡಿರಿ. ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ಅದು ಆರಂಭವಾಗುವದು. ‘ಸೂಕ್ತ ಕ್ರಮ ಕೈಗೊಳ್ಳಲಾಗುವುದು’ ಎಂದು ಮುಗಿಯುವದು. ಯಾರು ಕೈಗೊಳ್ಳುವರು? ಎಂದು? ಯಾವ ಕ್ರಮ? ಇದು ಕನ್ನಡದ ರುಮಾಲು ಸುತ್ತಿಕೊಂಡು ಬಂದ ‘ನೀಡ್‌ಫುಲ್’ ಅಲ್ಲದೆ ಮತ್ತೇನು? ಹಳ್ಳಿಯಿಂದ ಬಂದ ಮುದುಕಿಯೊಬ್ಬಳು ತನ್ನ ಪಿಂಚಣಿಯ ಅರ್ಜಿಗೆ ಬಂದ ಈ ಉತ್ತರವನ್ನು ಮಾಸ್ತರರಿಂದ ಓದಿಸಿ ‘ಹಂಗಂದ್ರ ರೊಕ್ಕ ಬರ್ತಾವೊ ಇಲ್ಲೊ?’ ಎಂದು ಕೇಳಿದರೆ ಮಾಸ್ತರರು ಏನು ಹೇಳಬೇಕು? ಭಾಷೆ ನಮ್ಮದಾದರೂ ಮಾತು ನಮಗೆ ದಕ್ಕಲಿಲ್ಲ. ಇದಕ್ಕಾಗಿಯೇ ನಾವು ಈ ವಿಷಯವನ್ನೆತ್ತಿಕೊಂಡೆವು.

ಪರಿಹಾರವು ಕಠಿಣವಾದುದಲ್ಲ, ಅದು ಶಾಲೆಯ ಮಾಸ್ತರರ ಕೈಯಲ್ಲಿದೆ. ಪತ್ರಲೇಖನವೆಂದರೆ ಮಾದರಿ ಪತ್ರಗಳನ್ನು ಬಾಯಿಪಾಠ ಮಾಡಿಸುವದೆಂದು ಇಷ್ಟು ದಿವಸ ನಡೆದುಬಂದಿದೆ. ಅದನ್ನು ಬಿಟ್ಟು ಮಕ್ಕಳಿಗೆ ಒಂದು ನಿಜವಾದ ಸಂಗತಿಯನ್ನು ಕೊಡಲಿ: ಶಾಲೆಗೆ ಬಂದ ಪುಸ್ತಕಗಳಲ್ಲಿ ಹತ್ತು ಹರಿದಿವೆ, ಅಂಗಡಿಯವನಿಗೆ ಬರೆಯಿರಿ ಎಂದು. ಬರೆದ ಮೇಲೆ ನಾಲ್ಕು ಪ್ರಶ್ನೆ ಕೇಳಲಿ. ಯಾರು ಮಾಡಬೇಕು? ಏನು ಮಾಡಬೇಕು? ಯಾವ ತಾರೀಖಿನೊಳಗೆ? ಮಾಡದಿದ್ದರೆ ನಾವೇನು ಮಾಡುವೆವು? ಈ ನಾಲ್ಕಕ್ಕೂ ಪತ್ರದಲ್ಲಿ ಉತ್ತರವಿದ್ದರೆ ಇಂಗ್ಲೀಷು ಸಾದಾ ಇದ್ದರೂ ಪತ್ರವು ಉತ್ತಮ; ಇಲ್ಲದಿದ್ದರೆ ಎಂಥ ಬೆಡಗಿನ ಇಂಗ್ಲೀಷಾದರೂ ಪತ್ರವು ಪೊಳ್ಳು.

ದೊಡ್ಡವರಿಗೆ ನಾವು ಹೇಳುವದು ಒಂದೇ ಪರೀಕ್ಷೆ. ಬರೆದ ಇಂಗ್ಲೀಷು ಪತ್ರವನ್ನು ಕಳುಹುವ ಮೊದಲು ಅದನ್ನು ಕನ್ನಡದಲ್ಲಿ ಗಟ್ಟಿಯಾಗಿ ಹೇಳಿ ನೋಡಿರಿ. ‘ದಯಮಾಡಿ ಅವಶ್ಯವಾದುದನ್ನು ಮಾಡಿರಿ’ ಎಂದು ನೀವು ಎದುರಿಗೆ ಕುಳಿತ ಅಡತಿಯವನಿಗೆ ಎಂದಾದರೂ ಹೇಳುವಿರಾ? ಹೇಳಿದರೆ ಅವನು ‘ಏನು ಮಾಡಲಿ, ಹೇಳ್ರಿ’ ಎಂದು ಕೂಡಲೆ ಕೇಳುವನು. ಕಾಗದವು ಹಾಗೆ ಕೇಳಲಾರದು. ಆದುದರಿಂದ ಅವನು ಕೇಳಬಹುದಾದ ಪ್ರಶ್ನೆಗೆ ಉತ್ತರವನ್ನು ಮೊದಲೇ ಬರೆದಿಡಬೇಕು.

ನಮ್ಮ ಅರಿವೆಯ ವ್ಯಾಪಾರಸ್ಥರು ಈ ವರ್ಷದ ದೀಪಾವಳಿಯ ಮಾಲಿಗಾಗಿ ಬರೆದ ಪತ್ರವನ್ನು ನಮಗೆ ತೋರಿಸಿದರು. ಅದರಲ್ಲಿ ಐದೇ ಸಾಲುಗಳಿದ್ದವು. ಗಂಟುಗಳ ಸಂಖ್ಯೆಯಿದ್ದಿತು, ಭಾವು ಇದ್ದಿತು, ಮುಟ್ಟಬೇಕಾದ ದಿವಸವಿದ್ದಿತು, ಮುಟ್ಟದಿದ್ದರೆ ಮುಂದೇನೆಂಬುದೂ ಇದ್ದಿತು. ‘ಬಹಳ ಒರಟಾಯಿತೇನ್ರಿ?’ ಎಂದು ಅವರು ಅಂಜುತ್ತ ಕೇಳಿದರು. ಇಲ್ಲವೆಂದು ನಾವು ಹೇಳಿದೆವು. ತನ್ನ ಮಾತಿನ ಹೊಣೆಯನ್ನು ತಾನೇ ಹೊತ್ತವನು ಬರೆದ ಪತ್ರವು ಹಾಗೆಯೇ ಇರುವದು.